ನೆಟ್ಟಗೆ ಮಲಗಿಸಿದ ಹೆಂಡತಿ

ಹೆಂಡತಿಯ ತಿಥಿ ಮುಗಿಸಿ ಬಂದ ಶಿಷ್ಯ ಗುರುಗಳ ಮುಂದೆ ಕೂತು ಕೇಳಿದ: "ಯಾವುದಕ್ಕೂ ಕಡಿಮೆ ಮಾಡಲಿಲ್ಲ ಗುರುಗಳೇ. ನಾವು ಮಾಡಿದ್ದು ಸತ್ತವರಿಗೆ ಮುಟ್ಟುತ್ತದೆಯೇ?"

ಗುರುಗಳು ಈ ಕತೆ ಹೇಳಿದರು.

ಈಜಿಪ್ಟಿನ ಅರಸ ನೈಲ್ ನದಿಯ ಗುಂಟ ದಕ್ಷಿಣಕ್ಕೆ ಹೋಗಿ ನೂಬಿಯರ ಸೀಮೆಯನ್ನು ಗೆದ್ದ. ಅಲ್ಲಿ ಕೋಟೆ ಕಟ್ಟಿಸಿದ. ಕಾಯಲು ತನ್ನ ಜನರನ್ನು ಕಳಿಸಿದ. ಅವರಲ್ಲಿ ಒಬ್ಬ ಕಾವಲಿನವನು ಆ ಸೀಮೆಯ ಹೆಣ್ಣನ್ನು ಮದುವೆಯಾದ. ಮನೆ ಅವನ ಕಡೆಯ ರೀತಿ, ದೇವರು ಅವನ ಕಡೆಯದು, ಅವಳನ್ನು ಕರೆಯುವ ಹೆಸರೂ ಅವನು ಇಟ್ಟದ್ದೇ. ಅಡುಗೆಯ ಮಡಕೆ ಮಾತ್ರ ಅವಳ ತವರಿನದು. ಅವಳು ಬೇಯಿಸಿದ್ದನ್ನು ಅವನು ಇಷ್ಟಪಟ್ಟು ಉಣ್ಣುತ್ತಿದ್ದ. ಇಬ್ಬರೂ ಚೆನ್ನಾಗಿದ್ದರು.

ಅವಳಿಗೆ ಕಾಯಿಲೆ ಬಂತು. ಹೊಟ್ಟೆನೋವಿಗೆ ಮಂಡಿ ಮಡಚಿಕೊಂಡು ಒಂದೇ ಮಗ್ಗುಲಲ್ಲಿ ಬಹಳ ಕಾಲ ಮಲಗಿದಳು. ಕಾಲು ಹಾಗೇ ಬಿಗಿದುಕೊಂಡವು. ಹಾಗೇ ಸತ್ತಳು.

ಅವಳ ತಾಯಿ ಹೊಳೆ ದಾಟಿ ಬಂದಳು. ಹೆಗಲ ಮೇಲೆ ಹಸುವಿನ ತೊಗಲು ಇತ್ತು. ಅವರ ಜನ ಸತ್ತವರನ್ನು ಮಗ್ಗುಲಾಗಿ, ಮಂಡಿ ಮಡಚಿ, ತೊಗಲಿನ ಮೇಲೆ ಮಲಗಿಸಿ ಮಣ್ಣು ಮಾಡುತ್ತಿದ್ದರು. ಕಾವಲಿನವನ ಜನ ಹಾಗಲ್ಲ. ಅಂಗಾತ, ನೆಟ್ಟಗೆ, ಬಟ್ಟೆ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅವನು ಆಗಲೇ ಪೆಟ್ಟಿಗೆ ಮಾಡಿಸಿದ್ದ. ತನಗೆಂದು ತೆಗೆದಿಟ್ಟುಕೊಂಡಿದ್ದ ಮರ ಅದು.

ಜೊತೆಯ ಕಾವಲಿನವರು ತೊಗಲು ನೋಡಿ ನಕ್ಕರು. ಮುದುಕಿ ಮಗಳನ್ನು ಹೂಳಲು ಬಂದಳೋ, ತೊಗಲು ಮಾರಲು ಬಂದಳೋ ಎಂದರು. ಅವಳು ಆ ಕಡೆ ನೋಡಲಿಲ್ಲ.

"ಅಳಿಯಂದಿರೇ, ಹೇಗಿದ್ದಾಳೋ ಹಾಗೇ ಮಲಗಿಸಿ. ನಿಮ್ಮ ಮಸಣದಲ್ಲೇ ಇರಲಿ, ನಾನು ಬೇಡ ಅನ್ನುವುದಿಲ್ಲ."

"ಹಾಗಲ್ಲ ಅತ್ತೆ. ನೆಟ್ಟಗೆ ಮಲಗದವರು ನಮ್ಮ ಲೋಕದಲ್ಲಿ ಏಳುವುದಿಲ್ಲ. ನಾಳೆ ನಾನು ಹೋದಾಗ ಇವಳನ್ನು ಎಲ್ಲಿ ಹುಡುಕಲಿ?"

"ಅವಳು ಏನಂದಿದ್ದಳು?"

ಅವನು ಕೇಳಿರಲಿಲ್ಲ. ಎದ್ದು ಒಳಗೆ ಹೋದ.

ದೇಹ ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ. ಮಂಡಿ ಮುಚ್ಚಳಕ್ಕೆ ತಾಗುತ್ತಿತ್ತು. ಬಟ್ಟೆ ಸುತ್ತುವವರು ಅವನಿಗೆ ಹೊರಗೆ ಹೋಗು ಎಂದರು. ಅವನು ಹೋಗಲಿಲ್ಲ. ತಲೆಯ ಕಡೆ ಹಿಡಿದುಕೊಂಡ. ಅವರು ತಮ್ಮ ಕೆಲಸ ಮಾಡಿದರು. ಹೊರಗೆ ಕೂತಿದ್ದ ತಾಯಿಗೆ ಸದ್ದು ಕೇಳಿಸಿತು, ಒಂದು ಕಾಲಿನದು, ಆಮೇಲೆ ಇನ್ನೊಂದರದು. ಅವಳು ತೊಗಲನ್ನು ಸುತ್ತಿಕೊಂಡು ಹೊಳೆಯ ಕಡೆ ನಡೆದಳು.

ಊರು ಹಾಳಾಯಿತು. ಮರಳು ಮುಚ್ಚಿತು. ಎಷ್ಟೋ ಸಾವಿರ ವರ್ಷದ ಮೇಲೆ ಹಳೆಯ ನೆಲ ಅಗೆದು ನೋಡುವವನೊಬ್ಬ ಬಂದ. ಅಂದು ನಕ್ಕವರ ಗೋರಿಗಳನ್ನೂ ತೆಗೆದ. ಅವರು ನೆಟ್ಟಗೆ ಮಲಗಿದ್ದರು. ಪಕ್ಕದಲ್ಲಿ ಅವರ ಹೆಂಡತಿಯರು, ನೂಬಿಯರ ಹೆಣ್ಣುಮಕ್ಕಳು, ಮಂಡಿ ಮಡಚಿ ಮಲಗಿದ್ದರು.

ಕೊನೆಗೆ ಈ ಪೆಟ್ಟಿಗೆ ತೆಗೆದ. ಒಳ್ಳೆಯ ಮರ, ಒಳ್ಳೆಯ ಬಟ್ಟೆ, ಕೊರಳಲ್ಲಿ ಮಣಿ. ಗಂಡ ಇವಳನ್ನು ಬಹಳ ಪ್ರೀತಿಸಿದ್ದ ಎಂದು ಜೊತೆಯವರಿಗೆ ಹೇಳಿದ. ಕುಂಚದಿಂದ ಕಾಲಿನ ಮೇಲಿನ ಮಣ್ಣು ಸರಿಸಿದ. ಎರಡೂ ಮಂಡಿಯ ಮೂಳೆ ಮುರಿದಿದ್ದವು.

ಗುರುಗಳು ನಿಲ್ಲಿಸಿದರು. ಶಿಷ್ಯ ತಡೆದು ತಡೆದು, ಅವನು ಪ್ರೀತಿಯಿಂದಲೇ ಮಾಡಿದ್ದಲ್ಲವೇ ಎಂದ.

"ಪ್ರೀತಿಯಿಂದಲೇ ಕಣಪ್ಪ. ನಿನ್ನ ಹೆಂಡತಿಗೆ ಏನು ಬೇಕಾಗಿತ್ತು, ಅದನ್ನು ಹೇಳು."