ಜಕ್ಕಪ್ಪ ಬೊಗಳಿದ್ದು

ಬಹಳ ಹಿಂದೆ ಹಳ್ಳದ ದಂಡೆಗೆ ಒಂದು ಊರಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ, ನಮ್ಮಜ್ಜನಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಜಕ್ಕಪ್ಪ ಅಂತ ಒಬ್ಬ ಕುರಿ ಕಾಯುವವನಿದ್ದ. ಕೈಯಲ್ಲಿ ಕೋಲು ಇರುತ್ತಿತ್ತು. ಅದರಿಂದ ಯಾವತ್ತೂ ಯಾವ ಜೀವಕ್ಕೂ ಹೊಡೆಯಲಿಲ್ಲ ಅಂತಾರೆ. ಅದು ಬೆನ್ನು ತುರಿಸಿಕೊಳ್ಳುವುದಕ್ಕೆ ಮಾತ್ರ.

ಅವನಿಗೆ ಒಂದು ನಾಯಿಮರಿ ಸಿಕ್ಕಿತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಾಯಿ ಸತ್ತಿತ್ತು. ಕುರಿಯವರಲ್ಲಿ ಒಂದು ಪದ್ಧತಿ. ಅಂಥ ಮರಿಗೆ ಕುರಿ ಮೊಲೆ ಕೊಡಿಸಬೇಕು. ಆ ಹಾಲು ಕುಡಿದ ನಾಯಿ ಹಿಂಡು ಬಿಟ್ಟು ಹೋಗುವುದಿಲ್ಲ. ಆದರೆ ತಿಂಗಳು ತುಂಬಿದ ಮೇಲೆ ಹಾಲು ಬಿಡಿಸಿ ದೊಡ್ಡ ನಾಯಿಗಳ ಜೊತೆ ಬಿಡಬೇಕು. ಜಕ್ಕಪ್ಪನಿಗೆ ಮನಸ್ಸು ಬರಲಿಲ್ಲ. ನಾಳೆ ಬಿಡಿಸಿದರಾಯಿತು ಅಂದ. ನಾಲ್ಕು ತಿಂಗಳು ಹೀಗೇ ನಾಳೆ ಅಂದ.

ಅಷ್ಟರಲ್ಲಿ ಆ ಮರಿ ತಾನೂ ಕುರಿ ಅಂತ ತಿಳಿದುಬಿಟ್ಟಿತ್ತು. ತಲೆ ತಗ್ಗಿಸಿ ಹಿಂಡಿನ ನಡುವೆ ನಡೆಯುತ್ತಿತ್ತು. ಹುಲ್ಲು ಕಚ್ಚಿ ಉಗುಳುತ್ತಿತ್ತು. ಟಗರುಗಳ ಜೊತೆ ಡಿಕ್ಕಿ ಆಡುತ್ತಿತ್ತು. ಬೊಗಳುವುದು ಮಾತ್ರ ಇಲ್ಲವೇ ಇಲ್ಲ.

ಹಟ್ಟಿಯ ಹಿರಿಯ ಮಾಳಪ್ಪ ನೋಡಿದ, ನೋಡಿದ. "ಕುರಿ ಉಣ್ಣೆ ಕತ್ತರಸೂ ದಿನದೊಳಗ ಇದು ಬೊಗಳಬೇಕು. ಇಲ್ಲಂದ್ರ ಗುಡ್ಡದಾಚೆ ಬಿಟ್ಟು ಬರೂದು" ಅಂದ. ಗುಡ್ಡದಾಚೆ ತೋಳಗಳಿದ್ದವು. ತಾನು ಕುರಿ ಅಂದುಕೊಂಡ ನಾಯಿ ಅಲ್ಲಿ ಎಷ್ಟು ದಿನ ಉಳಿದೀತು?

ಎರಡು ಬಿಗೀರಿ, ಬುದ್ಧಿ ಬರತೈತಿ ಅಂದರು ಮಂದಿ. ಜಕ್ಕಪ್ಪ ಅಂದನಂತೆ: "ಹೊಡದ್ರ ನನ್ನ ಕಂಡು ಅಂಜತೈತಿ. ತೋಳ ಬಂದ್ರ ಏನ್ ಮಾಡಬೇಕಂತ ಹೆಂಗ ಗೊತ್ತಾಗಬೇಕು?"

ಮತ್ತೆ ಏನು ಮಾಡಿದ? ತಾನೇ ಬೊಗಳಿದ.

ದಿನಾ ಸಂಜೆ ಮರಿಯ ಎದುರು ಅಂಗೈ ಊರಿ ಕೂರುತ್ತಿದ್ದ. ಬೌ ಅನ್ನುತ್ತಿದ್ದ. ಅವನಿಗೆ ಹೊಗೆಸೊಪ್ಪಿನ ಕೆಮ್ಮು. ಎರಡು ಸಲ ಬೌ, ಒಂದು ಸಲ ಕೆಮ್ಮು. ಮರಿ ಬಾಯಿ ಅಲ್ಲಾಡಿಸಿದರೆ ಸಾಕು, ಒಂದು ಚೂರು ರೊಟ್ಟಿ ಕೊಟ್ಟು ಕಿವಿ ಹಿಂದೆ ಕೆರೆಯುತ್ತಿದ್ದ. ಅದು ಆಕಳಿಸಿದರೂ ಕೊಟ್ಟ ಅಂತಾರೆ. ಬರೀ ರೊಟ್ಟಿ ಅಂತ ನಾನು ಕೇಳಿದ್ದು. ಬೆಲ್ಲ ಹಚ್ಚಿದ ರೊಟ್ಟಿ ಅಂತ ನನ್ನ ಹೆಂಡತಿ ಕೇಳಿದ್ದು. ಮೂವತ್ತು ವರ್ಷ ಇದಕ್ಕೆ ಜಗಳ ಆಡಿದೆವು. ಈಗ ಅವಳಿಲ್ಲ. ಬೆಲ್ಲ ಹಚ್ಚಿದ್ದೇ ಇರಲಿ.

ಊರ ನಾಯಿಗಳೆಲ್ಲ ಜಕ್ಕಪ್ಪನಿಗೆ ತಿರುಗಿ ಬೊಗಳಿದವು. ಮರಿ ಮಾತ್ರ ಕತ್ತು ಓರೆ ಮಾಡಿ ರೊಟ್ಟಿ ನೋಡುತ್ತಿತ್ತು.

"ನಾಯಿ ಕಲೀತೋ, ನೀ ಕಲ್ತಿಯೋ?" ಅಂತ ಮಂದಿ ಕೇಳುತ್ತಿದ್ದರು.

"ಗಂಡ ಅಂತ ಕಟ್ಟಿಕೊಂಡೆ. ಇದಕ್ಕ ಇನ್ನ ಕೊರಳಪಟ್ಟಿ ಕಟ್ಟಬೇಕು" ಅಂದಳಂತೆ ಅವನ ಹೆಂಡತಿ ಹೊನ್ನವ್ವ. ಅಂದಳು, ಆದರೆ ರೊಟ್ಟಿ ಬಡಿದು ಕೊಟ್ಟವಳೂ ಅವಳೇ.

ಉಣ್ಣೆ ಕತ್ತರಿಸುವ ದಿನ ಬಂತು. ಕುರಿ ತೊಳೆಯಲು ಹಿಂಡನ್ನು ಹಳ್ಳಕ್ಕೆ ಇಳಿಸಿದರು. ದೊಡ್ಡ ನಾಯಿಗಳು ಆಚೆ ದಂಡೆಯಲ್ಲಿದ್ದವು. ಆಗ ಪೊದೆಯಿಂದ ತೋಳ ಬಂತು. ಒಂದು ಕುರಿಮರಿಯ ಕತ್ತಿಗೆ ಬಾಯಿ ಹಾಕಿತು. ನಾಯಿಮರಿಗೆ ಹಾಲು ಕೊಟ್ಟ ಕುರಿಯದೇ ಮರಿ ಅದು. ಜಕ್ಕಪ್ಪ ಕೂಗಲು ಹೋದ. ಬೊಗಳಿ ಬೊಗಳಿ ಗಂಟಲು ಕಟ್ಟಿತ್ತು, ಬರೀ ಗಾಳಿ ಬಂತು.

ನಾಯಿಮರಿ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ತಲೆ ತಗ್ಗಿಸಿತು. ಓಡಿ ಬಂದು ತೋಳದ ಪಕ್ಕೆಗೆ ಟಗರಿನ ಹಾಗೆ ಗುದ್ದಿತು. ನಾಯಿ ಗುದ್ದಿದ್ದನ್ನು ಆ ತೋಳ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಾಯಿ ಬಿಟ್ಟಿತು. ಕುರಿಮರಿ ಕೆಳಗೆ ಬಿತ್ತು, ಎದ್ದು ತಾಯಿಯ ಹತ್ತಿರ ಓಡಿತು.

ಆಗ ಕೇಳಿಸಿತು. ಬೌ. ಬೌ. ಆಮೇಲೆ ಒಂದು ಕೆಮ್ಮು.

ಎಲ್ಲರೂ ಜಕ್ಕಪ್ಪನ ಕಡೆ ತಿರುಗಿದರು. ಅವನು ಗಂಟಲು ಮುಟ್ಟಿ ತೋರಿಸಿ, ನಾನಲ್ಲ ಅಂತ ಕೈ ಆಡಿಸಿದ. ಮತ್ತೆ ಬೌ, ಬೌ, ಕೆಮ್ಮು. ತೋಳ ಗುಡ್ಡ ಹತ್ತಿತು.

ಮಧ್ಯಾಹ್ನ ಕತ್ತರಿ ಹಿಡಿದು ಕೂತ ಮಾಳಪ್ಪನ ಮುಂದೆ ಕುರಿಗಳ ಸಾಲು ಬಂತು. ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಆ ನಾಯಿಮರಿ ನಿಂತಿತ್ತು. ಮಾಳಪ್ಪ ಅದನ್ನು ಎದುರಿಗೆ ಕೂರಿಸಿಕೊಂಡ. ಆಮೇಲೆ ಅದರ ಬೆನ್ನ ಮೇಲೆ, ಕೂದಲಿಗೆ ತಾಗದ ಹಾಗೆ, ಗಾಳಿಯಲ್ಲಿ ಕತ್ತರಿ ಆಡಿಸಿದ. ಆಯ್ತಪ್ಪ, ಹೋಗು ಅಂದ. ಅದು ಮೈ ಕೊಡವಿಕೊಂಡು ಹೋಯಿತು.

ಈಗಲೂ ನಮ್ಮ ಕಡೆ ಉಣ್ಣೆ ಕತ್ತರಿಸುವ ದಿನ ಮೊದಲು ನಾಯಿಯನ್ನು ಕೂರಿಸುತ್ತಾರೆ. ಅದರ ಬೆನ್ನ ಮೇಲೆ ಗಾಳಿಯಲ್ಲಿ ಮೂರು ಸಲ ಕತ್ತರಿ ಆಡಿಸುತ್ತಾರೆ. ಒಬ್ಬ ಹಿರಿಯ ಅದರ ಎದುರು ಬೊಗಳಿ ಕೆಮ್ಮಬೇಕು. ಆಮೇಲೆ ಒಂದು ಚೂರು ರೊಟ್ಟಿ ಕೊಡುತ್ತಾರೆ. ಹೋದ ವರ್ಷ ಬೊಗಳುವ ಪಾಳಿ ನನ್ನದು. ರೊಟ್ಟಿಗೆ ಬೆಲ್ಲ ಹಚ್ಚಿಕೊಂಡು ಹೋಗಿದ್ದೆ.