ಮುಚ್ಚಿದ ಬಾಗಿಲಿನ ಚಿತ್ರ

"ಗುರುಗಳೇ, ನನ್ನ ಚಿತ್ರವನ್ನು ಎಲ್ಲರೂ ನೋಡುತ್ತಾರೆ. ಅದರ ಕೆಳಗಿನ ಮೂರು ಸಾಲನ್ನು ಮಾತ್ರ ಯಾರೂ ಓದುವುದಿಲ್ಲ. ಅಕ್ಷರವನ್ನು ಇನ್ನಷ್ಟು ದಪ್ಪ ಮಾಡಲೇ?" ಎಂದು ಶಿಷ್ಯ ಕೇಳಿದ.

ಅವನಿಗೆ ಕೆಲವು ದಿನಗಳಿಂದ ಹಾಯ್ಕುವಿನ ಗೀಳು ಹತ್ತಿತ್ತು. ಜಪಾನಿನವರ ಹಾಗೆ ಒಂದು ಚಿತ್ರ ಬರೆಯುವುದು, ಅದರ ಜೊತೆಗೆ ಮೂರೇ ಸಾಲಿನ ಕವಿತೆ ಕಟ್ಟುವುದು. ಆಶ್ರಮದ ಗೋಡೆಯಲ್ಲಿ ಜಾಗವೇ ಉಳಿದಿರಲಿಲ್ಲ. ಗುರುಗಳು ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. "ಅಕ್ಷರ ದಪ್ಪವಾದರೆ ಜನ ದೂರದಿಂದಲೇ ಓದದೆ ಹೋಗಬಹುದು, ಅವರಿಗೆ ಅಷ್ಟು ಅನುಕೂಲ. ಕುಳಿತುಕೋ," ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕವಿ ಇದ್ದ. ಅವನ ಹೆಂಡತಿ ಚಿತ್ರಗಾರ್ತಿ. ಅವಳು ಚಿತ್ರ ಬರೆದು ಕೆಳಗೆ ನಾಲ್ಕು ಬೆರಳು ಜಾಗ ಬಿಡುತ್ತಿದ್ದಳು. ಅವನು ಅಲ್ಲಿ ಮೂರು ಸಾಲು ಬರೆಯುತ್ತಿದ್ದ. ಅವಳು ಬೆಕ್ಕನ್ನು ಬರೆದರೆ ಇವನು ಕೆಳಗೆ ಬೆಕ್ಕಿದೆ ಎಂದು ಬರೆಯುತ್ತಿದ್ದ. ನೋಡಿದವರು ಎಲ್ಲಿ ನಾಯಿ ಎಂದುಕೊಂಡುಬಿಡುತ್ತಾರೋ ಎಂಬ ಕಾಳಜಿ ಪಾಪ ಅವನದು. ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ ಇದು. ಇಬ್ಬರ ಕೈಕೆಲಸವೂ ಒಂದೇ ಹಾಳೆಯ ಮೇಲಿರುವುದು ಅವನಿಗೆ ಬಲು ದೊಡ್ಡ ಸಂತೋಷ. ಊರಿನ ಜನ ಆ ಹಾಳೆಗಳನ್ನು ಕೊಂಡು, ಮರದ ಚೌಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕುತ್ತಿದ್ದರು.

ಒಂದು ದಿನ ಕವಿ ಕಟ್ಟು ಹಾಕುವ ವರ್ತಕನ ಅಂಗಡಿಗೆ ಹೋದ. ಅಲ್ಲಿ ಮೇಜಿನ ಒಂದು ಕಾಲು ಗಿಡ್ಡವಾಗಿತ್ತು. ಅದರ ಅಡಿಗೆ ವರ್ತಕ ಕಾಗದ ಮಡಿಸಿ ಇಟ್ಟಿದ್ದ. ಕಾಗದದ ಮೇಲೆ ತನ್ನದೇ ಅಕ್ಷರ ಕಂಡು ಕವಿ ಬಗ್ಗಿ ನೋಡಿದ.

"ಏನಯ್ಯಾ ಇದು?" ಎಂದ.

"ತಪ್ಪು ತಿಳಿಯಬೇಡಿ ಸ್ವಾಮಿ. ನನ್ನಲ್ಲಿರುವ ಕಟ್ಟುಗಳೆಲ್ಲ ಒಂದೇ ಅಳತೆಯವು. ಕೆಳಗಿನ ಪಟ್ಟಿ ಕತ್ತರಿಸಿದರೆ ಚಿತ್ರ ಸರಿಯಾಗಿ ಕೂರುತ್ತದೆ. ಸಾಲು ಎಲ್ಲಿ ಹೋಯಿತೆಂದು ಇದುವರೆಗೆ ಯಾರೂ ಕೇಳಿಲ್ಲ," ಎಂದ ವರ್ತಕ.

ಯಾರೂ ಕೇಳಿಲ್ಲ ಎಂಬ ಮಾತಿನಿಂದ ಕವಿಗೆ ಬಹಳ ನೋವಾಯಿತು. ಮನೆಗೆ ಬಂದವನೇ ಒಂದು ಉಪಾಯ ಹೂಡಿದ. ಅಂದಿನ ಚಿತ್ರದಲ್ಲಿ ಹೆಂಡತಿ ವಿಶಾಲವಾದ ಆಕಾಶವನ್ನು ಖಾಲಿ ಬಿಟ್ಟಿದ್ದಳು. ಕತ್ತರಿಗೆ ಸಿಗಬಾರದೆಂದು ಅವನು ತನ್ನ ಮೂರು ಸಾಲನ್ನು ಆ ಆಕಾಶದ ನಟ್ಟನಡುವೆ ಬರೆದ. ಕವಿಗಳ ಬುದ್ಧಿ ಓಡುವುದೇ ಹೀಗೆ.

ಹೆಂಡತಿ ನೋಡಿ ಕೆಂಡವಾದಳು; ಅವನಿಂದ ಅಂಗಡಿಯ ಸಂಗತಿ ಕೇಳಿದ ಮೇಲೂ ತಣಿಯಲಿಲ್ಲ. "ಅಲ್ಲಿ ನಾನು ಒಂದು ಹಕ್ಕಿಯನ್ನೂ ಹಾರಿಸಿರಲಿಲ್ಲ. ನೀವು ಬಟ್ಟೆ ಒಣಹಾಕಿದ ಹಾಗೆ ಮೂರು ಸಾಲು ಹಾಕಿದ್ದೀರಿ! ಇನ್ನೊಂದೇ ಹಾಳೆ ಕೊಡುತ್ತೇನೆ. ಅದರಲ್ಲಿ ಬರೆದದ್ದೂ ಮೇಜಿನ ಅಡಿಗೆ ಹೋದರೆ ಇನ್ನು ಮುಂದೆ ನಾನು ಜಾಗ ಬಿಡುವುದಿಲ್ಲ," ಎಂದಳು.

ಕವಿ ಹೆದರಿದ. ಕವಿತೆ ಹೋದರೆ ಹೋಗಲಿ, ಅವಳ ಹಾಳೆಯಲ್ಲಿ ತನಗೆ ಜಾಗವಿಲ್ಲದಿದ್ದರೆ ಹೇಗೆ ಬದುಕುವುದು?

ಅವಳು ಮಳೆಯನ್ನು ಬರೆದಳು, ಒಂದು ಮುಚ್ಚಿದ ಬಾಗಿಲನ್ನು ಬರೆದಳು, ಮೆಟ್ಟಿಲ ಬಳಿ ನೆನೆಯುತ್ತಿರುವ ಹಲವು ಜೊತೆ ಚಪ್ಪಲಿಗಳನ್ನು ಬರೆದಳು. ಕವಿ ತುಂಬ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಬೇರೊಂದು ಚೂರು ಕಾಗದದಲ್ಲಿ ಬರೆದು ತೋರಿಸಿದ:

ಸುರಿಯುವ ಮಳೆ
ಮುಚ್ಚಿದ ಬಾಗಿಲು
ನೆನೆಯುವ ಚಪ್ಪಲಿ

ಹೆಂಡತಿ ಓದಿದಳು. ಒಳಗೆ ಹೋಗಿ ಕತ್ತರಿ ತಂದು ಅವನ ಮುಂದಿಟ್ಟಳು. "ಅಂಗಡಿಯವರಿಗೆ ಯಾಕೆ ತೊಂದರೆ? ನೀವೇ ಕತ್ತರಿಸಿಬಿಡಿ."

"ಮತ್ತೇನು ಬರೆಯಲಿ? ನೀನು ಬರೆದದ್ದೇ ಇಷ್ಟು!"

"ಬಾಗಿಲ ಒಳಗೆ ಯಾರಿದ್ದಾರೆ?"

"ನನಗೇನು ಗೊತ್ತು? ನೀನು ಬಾಗಿಲು ಮುಚ್ಚಿದ್ದೀಯಲ್ಲ."

"ನಿಮಗಾಗಿಯೇ ಮುಚ್ಚಿದ್ದು," ಎಂದಳು ಅವಳು.

ಕವಿ ಅವಳ ಮುಖ ನೋಡಿದ. ಇಷ್ಟು ವರ್ಷ ಅವಳು ತನಗೆಂದು ಬಿಟ್ಟದ್ದು ಬರೀ ನಾಲ್ಕು ಬೆರಳು ಜಾಗ ಎಂದುಕೊಂಡಿದ್ದ ತನ್ನ ದಡ್ಡತನಕ್ಕೆ ಅವನಿಗೆ ನಾಚಿಕೆಯಾಯಿತು. ನಗುವೂ ಬಂತು. ಹಾಳೆಯನ್ನು ಎಳೆದುಕೊಂಡು ಒಂದೇ ಉಸಿರಿಗೆ ಬರೆದ:

ಬರ್ತೀವಿ ಎಂದೆದ್ದವರು
ಮತ್ತೆ ಕೂತರು
ಇನ್ನೊಂದು ಸುತ್ತು ಕಾಫಿ

ವರ್ತಕ ಆ ಹಾಳೆ ತೆಗೆದುಕೊಂಡು ಅಭ್ಯಾಸಬಲದಿಂದ ಕತ್ತರಿ ಎತ್ತಿದ. ಕಣ್ಣು ಸಾಲಿನ ಮೇಲೆ ಬಿತ್ತು. ಚಪ್ಪಲಿ ನೋಡಿದ, ಮತ್ತೆ ಸಾಲು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. "ಇದನ್ನು ಕತ್ತರಿಸಿದರೆ ಮನೆಯೊಳಗೆ ಯಾರೂ ಉಳಿಯುವುದಿಲ್ಲವಲ್ಲ ಸ್ವಾಮಿ!" ಎಂದು ಹೇಳಿ, ಹಾಳೆಯ ಅಳತೆಗೆ ಹೊಸ ಕಟ್ಟು ಮಾಡಿಸಲು ಬಡಗಿಯನ್ನು ಕರೆಸಿದ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಊರಗಲವಾಯಿತು.

"ತಿಳಿಯಿತು ಗುರುಗಳೇ! ಚಿತ್ರ ಹೇಳಿದ್ದನ್ನೇ ಕವಿತೆ ಮತ್ತೆ ಹೇಳಬಾರದು. ಚಿತ್ರದಲ್ಲಿ ಕಾಣದ್ದನ್ನು ಹೇಳಬೇಕು. ಇದೇ ಈ ಕತೆಯ ನೀತಿ, ಅಲ್ಲವೇ?"

ಅದಕ್ಕೆ ಗುರುಗಳು ನಗುತ್ತ ಹೇಳಿದರು:

"ನೋಡಿದೆಯಾ, ನನ್ನ ಕತೆಯ ಕೆಳಗೂ ನೀನು ಕತೆಯಲ್ಲಿದ್ದದ್ದನ್ನೇ ಬರೆದುಬಿಟ್ಟೆ."