ಕುಂಬಾರ ಕಟ್ಟಿದ ಹುಲ್ಲುಬೀಜದ ಉಂಡೆ

ಕುರಿಗಾಹಿ ಹುಲಿಗೆವ್ವನಿಗೆ ನಲವತ್ತು ಕುರಿ. ಅವು ಮೇಯಲು ಇದ್ದದ್ದು ಒಂದೇ ಗುಡ್ಡ, ಅದೂ ಬೋಳಾಗಿತ್ತು. ಹಿಂದಿನ ವರ್ಷ ಅಲ್ಲಿ ಹುಲ್ಲಿನ ಬೀಜ ಎರಚಿದ್ದಳು. ಆ ಬೀಜ ಎಷ್ಟು ಹಗುರ ಗೊತ್ತೇ? ಅಂಗೈಲಿಟ್ಟು ಉಫ್ ಅಂದರೆ ಸಾಕು, ಮಾಯ! ಅರ್ಧ ಗಾಳಿಪಾಲಾಯಿತು, ಅರ್ಧ ಇರುವೆಗಳು ಹೊತ್ತೊಯ್ದವು. ಈ ಸಲವೂ ಹುಲ್ಲು ಬಾರದಿದ್ದರೆ ಕುರಿ ಮಾರುವುದೊಂದೇ ದಾರಿ.

ಬೀಜಕ್ಕೆ ಮಣ್ಣಿನ ಅಂಗಿ ತೊಡಿಸಿದರೆ ಹೇಗೆ? ಹೀಗೊಂದು ಯೋಚನೆ ಅವಳಿಗೆ ಬಂತು. ಮಣ್ಣಿನ ಮಾತು ಕುಂಬಾರನಿಗಿಂತ ಯಾರಿಗೆ ಗೊತ್ತು? ಅಡಿವೆಪ್ಪನ ಮನೆಗೆ ಹೋದಳು.

"ಅಣ್ಣಾ, ಕೆಮ್ಮಣ್ಣು, ಗೊಬ್ಬರ ಕಲಸಿ ಬೀಜ ಉಳ್ಳಾಡಿಸಿದ್ರ ಸಾಕೇನು?"

"ಅದು ಹುಡುಗರಾಟ ಆತು, ತಂಗಿ. ಅರ್ಧ ಬೀಜ ನನಗ ಕೊಡು. ಹೆಂಗ್ ಮಾಡ್ತೀನಿ ನೋಡು!"

ಅಡಿವೆಪ್ಪ ಕೊಡ ಮಾಡುವ ಜಿಗಟು ಮಣ್ಣನ್ನೇ ಹದವಾಗಿ ತುಳಿದ. ಬೀಜ ಒಳಗಿಟ್ಟು ಬಟಾಣಿಯಷ್ಟು ಉಂಡೆ ಕಟ್ಟಿದ. ನುಣ್ಣಗಿನ ಕಲ್ಲಿನಿಂದ ಉಜ್ಜಿ, ಹರಳೆಣ್ಣೆ ಸವರಿ ಒಣಗಿಸಿದ. ಸರ ಮಾಡಿ ಕೊರಳಿಗೆ ಹಾಕಿಕೊಳ್ಳುವಷ್ಟು ಚೆಂದ! ಉಳಿದರ್ಧಕ್ಕೆ ಕೆಮ್ಮಣ್ಣು, ಗೊಬ್ಬರ ಮೆತ್ತಿ ಹುಲಿಗೆವ್ವ ಮಾಡಿದವು ಥೇಟ್ ಕುರಿಹಿಕ್ಕೆ. ಅಡಿವೆಪ್ಪ ನೋಡಿ ನಕ್ಕ.

ಹುಲಿಗೆವ್ವ ತನ್ನ ಉಂಡೆಗಳನ್ನು ಗುಡ್ಡದ ಮೂಡಣ ಮಗ್ಗುಲಿಗೂ ಅವನ ಉಂಡೆಗಳನ್ನು ಪಡುವಣಕ್ಕೂ ಚೆಲ್ಲಿದಳು. ಎಂಟು ದಿನ ಜಿಟಿಜಿಟಿ ಮಳೆ ಬಂತು. ಮೂಡಣದಲ್ಲಿ ಉಂಡೆ ಕರಗಿ ಹಸಿರು ಸೂಜಿಗಳು ಎದ್ದವು. ಪಡುವಣದಲ್ಲಿ ಉಂಡೆಗಳು ಹಾಗೇ ಮಿರಮಿರ ಮಿಂಚುತ್ತಿದ್ದವು.

ಏನಾಗಿದೆ ಒಳಗೆ? ಇಬ್ಬರಿಗೂ ಕುತೂಹಲ. ಒಂದನ್ನು ಒಡೆದು ನೋಡಿದರು. ಬೀಜ ಇಟ್ಟಾಗ ಹೇಗಿತ್ತೋ ಹಾಗೇ ಒಣಗಿಕೊಂಡು ಕೂತಿತ್ತು.

ಅಡಿವೆಪ್ಪನ ಮುಖ ಸಪ್ಪಗಾಯಿತು. "ಯವ್ವಾ, ಮೂವತ್ತು ವರ್ಷ ಕೊಡ ಮಾಡೀನಿ. ಹನಿ ನೀರು ದಾಟಬಾರದು, ಕೈಗೆ ಅದೊಂದ ರೂಢಿ. ಬೀಜಕ್ಕ ನೀರು ಬೇಕಂತ ಹೊಳೀಲೇ ಇಲ್ಲ ನೋಡು."

"ಮೂಡಣದ ಹುಲ್ಲು ಇಪ್ಪತ್ತು ಕುರಿಗೆ ಸಾಕು, ಅಣ್ಣಾ. ಉಳಿದ ಇಪ್ಪತ್ತು?"

ಅಡಿವೆಪ್ಪ ಮನೆಗೆ ಹೋಗಿ ದೊಣ್ಣೆ ತಂದ. ಮಳೆಗಾಲ ಮುಗಿಯುವ ಮೊದಲು ಪಡುವಣ ಮಗ್ಗುಲಿನ ಒಂದೊಂದು ಉಂಡೆಯನ್ನೂ ಹುಡುಕಿ ಮೆಲ್ಲಗೆ ಬಿರಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ದೊಣ್ಣೆ ಹಿಡಿದವನೂ ಕುಂಬಾರನೇ. ಆದರೂ ಕೈ ನಿಲ್ಲಿಸಲಿಲ್ಲ.

ಪಡುವಣ ಮಗ್ಗುಲೂ ತಡವಾಗಿ ಹಸಿರಾಯಿತು. ಒಂದು ಕುರಿಯೂ ಸಂತೆಗೆ ಹೋಗಲಿಲ್ಲ.

ನೀತಿ: ಕಾಪಾಡುವ ಹೊದಿಕೆ ಹೊತ್ತಿಗೆ ಸರಿಯಾಗಿ ಕರಗಬೇಕು, ಕರಗದಿದ್ದರೆ ಅದೇ ಸೆರೆಮನೆ. ಅದನ್ನು ಕಟ್ಟಿದ್ದು ನಾವೇ ಆದರೆ, ಎಷ್ಟೇ ಚೆಂದವಿದ್ದರೂ ನಾವೇ ಒಡೆಯಬೇಕು.